ಪುಟ ಹೊರಬೇಕಾದ ಭಾರ ಮಗುವಿನ ತಲೆಗೇಕೆ? ಶಿಕ್ಷಣ ಇಲಾಖೆಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು,
ಪಠ್ಯಪುಸ್ತಕ ರಚನಾ ಸಮಿತಿಗಳ ಸದಸ್ಯರು ಹಾಗೂ
ಶಾಲೆಗಳಿಗೆ ಪೋರ್ಟಲ್, ಆ್ಯಪ್ ರೂಪಿಸಿಕೊಡುವ ತಂತ್ರಜ್ಞರು.

ವಿಷಯ: ಪುಸ್ತಕದ ಪುಟ ಮತ್ತು ತಂತ್ರಾಂಶದ ಪರದೆ ವೃಥಾ ಹೊರಿಸುತ್ತಿರುವ ತಲೆಹೊರೆಯನ್ನು ಇಳಿಸುವ ಕುರಿತು.

ಮಾನ್ಯರೇ,

ಕಚೇರಿ ಪತ್ರದ ಪದ್ಧತಿಯಂತೆ ಇಲ್ಲಿ ಉಲ್ಲೇಖ ಒಂದು, ಎರಡು, ಮೂರು ಎಂದು ಬಂದು, ಕೇಳಬೇಕಾದ್ದು ಕೊನೆಯ ಸಾಲಿಗೆ ಹೋಗಬೇಕಿತ್ತು. ಅದನ್ನು ಬಿಟ್ಟು ಮೊದಲೇ ಕೇಳಿಬಿಡುತ್ತೇವೆ. ಗಣಿತದ ಅಭ್ಯಾಸಗಳನ್ನು ಬಿಡಿಸಿ ತೋರಿಸಿದ ಲೆಕ್ಕ, ಅರ್ಧ ಬಿಡಿಸಿದ ಲೆಕ್ಕ, ಪೂರ್ತಿ ಸ್ವಂತ ಲೆಕ್ಕ ಎಂಬ ಕ್ರಮದಲ್ಲಿ ಹೊಸದಾಗಿ ಜೋಡಿಸಿ. ವಿಜ್ಞಾನದ ಚಿತ್ರಗಳಲ್ಲಿ ಭಾಗಗಳ ಹೆಸರು ಆಯಾ ಭಾಗದ ಮೇಲೇ ಇರಲಿ. ಶಾಲೆಗೆ ಕಳಿಸುವ ಯಾವ ತಂತ್ರಾಂಶವೇ ಆಗಲಿ, ಐದು ಜನ ಮುಖ್ಯೋಪಾಧ್ಯಾಯರು ಅದನ್ನು ತಮ್ಮ ಮೊಬೈಲಿನಲ್ಲಿ ಬಳಸುವುದನ್ನು ಕಣ್ಣಾರೆ ನೋಡದೆ ಜಾರಿ ಮಾಡಬೇಡಿ. ಮುಖ್ಯವಾಗಿ ಕೇಳುವುದು ಇಷ್ಟೇ. ಏಕೆ ಕೇಳುತ್ತಿದ್ದೇವೆ ಎಂಬುದು ಮುಂದಿದೆ.

ಹೊರೆಯ ಮಾತು ನಮ್ಮ ರಾಜ್ಯಕ್ಕೆ ಹೊಸತಲ್ಲ. ಮೈಸೂರಿನ ಆರ್.ಕೆ. ನಾರಾಯಣ್ ಅವರು ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದಾಗ, 1989ರಲ್ಲಿ, ಶಾಲಾ ಮಕ್ಕಳ ಬೆನ್ನು ಬಗ್ಗಿಸುವ ಬ್ಯಾಗಿನ ಬಗ್ಗೆಯೇ ಮಾತಾಡಿದ್ದರು. ಆಮೇಲೆ ಇದೇ ಹೊರೆಯ ಬಗ್ಗೆ ಕೇಂದ್ರ ಸರ್ಕಾರ ನೇಮಿಸಿದ ಪ್ರೊ. ಯಶ್‌ಪಾಲ್ ಸಮಿತಿ 1993ರಲ್ಲಿ ವರದಿ ಕೊಟ್ಟಿತು. ಬ್ಯಾಗಿನ ತೂಕ ಕೆಟ್ಟದ್ದೇ, ಆದರೆ ಓದಿದ್ದು ಅರ್ಥವಾಗದಿರುವ ಹೊರೆ ಅದಕ್ಕಿಂತ ಕೆಟ್ಟದ್ದು ಎಂಬುದು ಆ ವರದಿಯ ತಿರುಳು. 2019ರಲ್ಲಿ ನಮ್ಮ ರಾಜ್ಯದ ಆದೇಶ ಬಂತು: 1 ಮತ್ತು 2ನೇ ತರಗತಿಯ ಬ್ಯಾಗು 2 ಕೆ.ಜಿ. ಮೀರಬಾರದು, 9 ಮತ್ತು 10ನೇ ತರಗತಿಯದು 5 ಕೆ.ಜಿ. ಮೀರಬಾರದು. ಒಳ್ಳೆಯ ಆದೇಶ. ತಕ್ಕಡಿಗೆ ಸಿಗುವ ಅರ್ಧಕ್ಕೆ ನಿಯಮ ಬಂತು, ಸಿಗದ ಅರ್ಧ ಹಾಗೇ ಉಳಿಯಿತು.

ಹೊರೆ ಎಂದ ಕೂಡಲೇ ಪಾಠ ಕಡಿತದ ಮಾತು ಏಳುತ್ತದೆ. ನಾವು ಕೇಳುತ್ತಿರುವುದು ಅದಲ್ಲ. ಭಿನ್ನರಾಶಿ ಕಷ್ಟ, ಅದು ವಿಷಯದ್ದೇ ಕಷ್ಟ, ಅದನ್ನು ಕಲಿಯಲೇಬೇಕು. ಆದರೆ ಆ ಕಷ್ಟದ ಮೇಲೆ ಪುಟದ ವಿನ್ಯಾಸ ತನ್ನದೂ ಒಂದಿಷ್ಟು ಸೇರಿಸುತ್ತದಲ್ಲ, ಅದು ಯಾರ ಕಲಿಕೆಗೂ ಬೇಕಿಲ್ಲದ್ದು. ಮೊದಲನೆಯದನ್ನು ಮಗು ಹೊರಲಿ. ಎರಡನೆಯದನ್ನು ಇಳಿಸುವ ಕೆಲಸ ತಮ್ಮದು.

ಮನುಷ್ಯನ ತಲೆ ಒಂದು ಹೊತ್ತಿಗೆ ಎಷ್ಟು ಹಿಡಿದುಕೊಳ್ಳಬಲ್ಲದು ಎಂಬುದರ ಬಗ್ಗೆ ಸಾಕಷ್ಟು ಅಧ್ಯಯನ ನಡೆದಿದೆ. 1956ರಲ್ಲಿ ಅಮೆರಿಕದ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಸುಮಾರು ಏಳು ಎಂದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ನಾಲ್ಕರ ಆಸುಪಾಸಿಗೆ ಇಳಿಸಿದರು. 1959ರ ಒಂದು ಪ್ರಯೋಗದಲ್ಲಿ ಜನರಿಗೆ ಬರೇ ಮೂರು ಅಕ್ಷರ ಕೊಟ್ಟು, ತಕ್ಷಣ ಒಂದು ಸಂಖ್ಯೆಯಿಂದ ಮೂರು ಮೂರು ಕಳೆಯುತ್ತಾ ಹಿಂದಕ್ಕೆ ಎಣಿಸಲು ಹೇಳಿದರು. 18 ಸೆಕೆಂಡು ಕಳೆಯುವಷ್ಟರಲ್ಲಿ ಹೆಚ್ಚಿನವರಿಗೆ ಆ ಮೂರಕ್ಷರವೂ ಹಾರಿಹೋಗಿತ್ತು. ಅವರೆಲ್ಲ ಕಾಲೇಜು ವಿದ್ಯಾರ್ಥಿಗಳು, ಆರನೇ ತರಗತಿಯ ಮಕ್ಕಳಲ್ಲ.

ಇಲ್ಲಿ ನಾಲ್ಕು ಎಂದರೆ ನಾಲ್ಕು ಅಂಕಿಯಲ್ಲ, ನಾಲ್ಕು ಕಂತೆ. 194719561973 ಎಂಬ ಸಂಖ್ಯೆಯನ್ನು ಒಮ್ಮೆ ಓದಿ ಕಣ್ಣು ಮುಚ್ಚಿ ಹೇಳಿ ನೋಡಿ. ಹನ್ನೆರಡು ಅಂಕಿ, ಹೇಳಲಾಗುವುದಿಲ್ಲ. ಈಗ 1947, 1956, 1973 ಎಂದು ಓದಿ. ಸ್ವಾತಂತ್ರ್ಯ, ಏಕೀಕರಣ, ಕರ್ನಾಟಕ ಎಂಬ ಹೆಸರು. ಮೂರೇ ಕಂತೆ, ನಾಳೆಯೂ ನೆನಪಿರುತ್ತದೆ. ಆದರೆ ಈ ಮೂರು ಇಸವಿ ಗೊತ್ತಿಲ್ಲದ ನಾಲ್ಕನೇ ತರಗತಿಯ ಮಗುವಿಗೆ ಅದು ಈಗಲೂ ಹನ್ನೆರಡೇ. ಒಂದೇ ಪುಟ ಬರೆದವರಿಗೆ ಹಗುರ, ಓದುವವರಿಗೆ ಭಾರ ಆಗುವುದು ಹೀಗೆ. ಪಠ್ಯಪುಸ್ತಕ ಸಮಿತಿಯಲ್ಲಿ ವಿಷಯ ಬಲ್ಲವರೇ ಕೂತಿರುತ್ತಾರೆ, ಅವರ ಕಣ್ಣಿಗೆ ಪುಟ ಸರಳವಾಗಿಯೇ ಕಾಣುತ್ತದೆ. ಯಾರದೂ ದುರುದ್ದೇಶ ಇಲ್ಲ. ಬಲ್ಲವರ ಕಣ್ಣು ಇಂಥ ಕಡೆ ನಂಬಿಕೆಗೆ ಅರ್ಹವಲ್ಲ, ಅಷ್ಟೆ.

ಒಂದು ಲೆಕ್ಕ ತೆಗೆದುಕೊಳ್ಳೋಣ. 5/12 + 3/8. ಬಲ್ಲವರಿಗೆ ಉತ್ತರ 19/24 ಎಂದು ಅರ್ಧ ನಿಮಿಷದಲ್ಲಿ ಬರುತ್ತದೆ. ಹೊಸದಾಗಿ ಕಲಿಯುವ ಮಗು ಏನೇನು ಹಿಡಿದುಕೊಂಡಿರಬೇಕು ನೋಡಿ. ಛೇದಗಳು ಬೇರೆ, ಹಾಗಾಗಿ ನೇರ ಕೂಡುವಂತಿಲ್ಲ ಎಂಬ ನಿಯಮ. 12 ಮತ್ತು 8ರ ಲ.ಸಾ.ಅ. 24. ಅದನ್ನು ನೆನಪಿನಲ್ಲಿಟ್ಟು 24ನ್ನು 12ರಿಂದ ಭಾಗಿಸಿ 2, ಆ 2ರಿಂದ 5ನ್ನು ಗುಣಿಸಿ 10. ಈ 10ನ್ನೂ ಹಿಡಿದುಕೊಂಡು 24ನ್ನು 8ರಿಂದ ಭಾಗಿಸಬೇಕು. ಮಗ್ಗಿ ಬಾಯಲ್ಲಿದ್ದರೆ ‘ಎಂಟ್ಮೂರ್ಲ ಇಪ್ಪತ್ನಾಲ್ಕು’ ತಾನಾಗಿ ಬಂತು. ಇಲ್ಲದಿದ್ದರೆ ಮಗು ಬೆರಳು ಮಡಚುತ್ತದೆ: ಎಂಟು, ಹದಿನಾರು, ಇಪ್ಪತ್ನಾಲ್ಕು. ಮೂರನೇ ಬೆರಳು ಮಡಚುವಷ್ಟರಲ್ಲಿ ಆ 10 ಎಲ್ಲಿ? ಮರೆತಿದೆ. ಮರಳಿ ಮೊದಲಿನಿಂದ. ಎರಡನೇ ಸಲವೂ ತಪ್ಪಿದರೆ ಮಗು ತನಗೆ ತಿಳಿದ ಸುಲಭ ದಾರಿ ಹಿಡಿಯುತ್ತದೆ: ಮೇಲಿನದು ಮೇಲಿನದಕ್ಕೆ, ಕೆಳಗಿನದು ಕೆಳಗಿನದಕ್ಕೆ ಕೂಡಿ 8/20 ಎಂದು ಬರೆಯುತ್ತದೆ. ಉತ್ತರಪತ್ರಿಕೆ ತಿದ್ದಿದ ಯಾವ ಗಣಿತ ಶಿಕ್ಷಕರಿಗೂ ಈ 8/20 ಹಳೆಯ ಪರಿಚಯ. ‘ಗಮನ ಕೊಟ್ಟಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತೇವೆ. ಗಮನ ಪೂರ್ತಿ ಖರ್ಚಾಗಿ ಹೋಗಿದೆ ಎಂಬುದು ನಿಜ.

ಇಲ್ಲಿ ಮಗ್ಗಿಯ ಪರವಾಗಿ ಒಂದು ಮಾತು. ಕಂಠಪಾಠ ಬೇಡ, ಅರ್ಥವಾದರೆ ಸಾಕು ಎಂಬ ಘೋಷಣೆಯ ಭರದಲ್ಲಿ ಮಗ್ಗಿ ಹೇಳಿಸುವುದೇ ಹಳೆಯ ಕಾಲದ ಕೆಲಸ ಎಂಬಂತಾಗಿದೆ. ಹಿಂದಿನವರು ಕಾಲು, ಅರೆ, ಮುಕ್ಕಾಲರ ಮಗ್ಗಿಯನ್ನೂ ಬಾಯಿಪಾಠ ಮಾಡಿಸುತ್ತಿದ್ದರು. ಮಗ್ಗಿಯ ಅರ್ಥ ತಿಳಿಸಿ, ಸಂತೋಷ. ತಿಳಿಸಿದ ಮೇಲೆ ಬಾಯಿಗೂ ಬರಿಸಿ. ಬಾಯಿಗೆ ಬಂದದ್ದು ತಕ್ಷಣದ ನೆನಪಿನಲ್ಲಿ ಜಾಗ ಕೇಳುವುದಿಲ್ಲ. ಆ ಖಾಲಿ ಜಾಗದಲ್ಲೇ ಮಗು ಛೇದ ಏಕೆ ಸಮ ಮಾಡಬೇಕು ಎಂದು ಯೋಚಿಸಲು ಸಾಧ್ಯ. ನಾಲ್ಕನೇ ತರಗತಿ ಮುಗಿಯುವುದರೊಳಗೆ ಹತ್ತರವರೆಗಿನ ಮಗ್ಗಿ ತಡವರಿಸದೆ ಬರಬೇಕು ಎಂಬುದನ್ನು ಕಲಿಕಾ ಫಲದಲ್ಲಿ ಸ್ಪಷ್ಟವಾಗಿ ಬರೆಯಿರಿ, ಅದಕ್ಕೆಂದು ದಿನಕ್ಕೆ ಐದು ನಿಮಿಷ ಮೀಸಲಿಡಿ.

ಇನ್ನು ಅಭ್ಯಾಸದ ಲೆಕ್ಕಗಳ ಜೋಡಣೆ. ಸಾಮಾನ್ಯವಾಗಿ ನಾವು ಕಾಣುವುದು ಒಂದೆರಡು ಉದಾಹರಣೆ, ಅದರ ಬೆನ್ನಿಗೇ ಹತ್ತು ಹದಿನೈದು ಲೆಕ್ಕ. ಆಸ್ಟ್ರೇಲಿಯದ ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ ಬೀಜಗಣಿತ ಕಲಿಯುವ ವಿದ್ಯಾರ್ಥಿಗಳಲ್ಲಿ ಇದನ್ನೇ ಪರೀಕ್ಷಿಸಿದರು. ಬಿಡಿಸಿದ ಲೆಕ್ಕ ಒಂದು, ಅದೇ ಜಾತಿಯ ಬಿಡಿಸಬೇಕಾದ ಲೆಕ್ಕ ಒಂದು ಎಂದು ಜೋಡಿಜೋಡಿಯಾಗಿ ಕಲಿತವರು, ಎಲ್ಲವನ್ನೂ ತಾವೇ ಬಿಡಿಸುತ್ತ ಹೋದವರಿಗಿಂತ ಬೇಗ ಕಲಿತರು, ಅಂಥದೇ ಲೆಕ್ಕಗಳಲ್ಲಿ ತಪ್ಪೂ ಕಡಿಮೆ ಮಾಡಿದರು. ಕಾರಣ ಸರಳ. ದಾರಿ ಗೊತ್ತಿಲ್ಲದವನು ಗುರಿಯನ್ನೂ ತಾನು ನಿಂತ ಜಾಗವನ್ನೂ ನಡುವಿನ ಅಂತರವನ್ನೂ ಒಟ್ಟಿಗೆ ಹಿಡಿದುಕೊಂಡು ತಡಕಾಡುತ್ತಾನೆ. ಉತ್ತರ ಸಿಕ್ಕರೂ ದಾರಿ ನೆನಪಿನಲ್ಲಿ ಉಳಿಯುವುದಿಲ್ಲ, ಏಕೆಂದರೆ ಅದನ್ನು ಗಮನಿಸಲು ತಲೆಯಲ್ಲಿ ಜಾಗವೇ ಇರಲಿಲ್ಲ.

ಹಾಗಾಗಿ ಹತ್ತು ಲೆಕ್ಕದ ಅಭ್ಯಾಸವನ್ನು ಹೀಗೆ ಜೋಡಿಸಬಹುದು. ಮೊದಲ ಮೂರು ಪೂರ್ತಿ ಬಿಡಿಸಿದವು, ಪ್ರತಿ ಹಂತದ ಪಕ್ಕದಲ್ಲೇ ‘ಏಕೆ’ ಎಂಬುದಕ್ಕೆ ಒಂದು ಸಾಲು. ನಾಲ್ಕನೆಯದರಲ್ಲಿ ಕೊನೆಯ ಹಂತ ಮಾತ್ರ ಖಾಲಿ. ಐದನೆಯದರಲ್ಲಿ ಕೊನೆಯ ಎರಡು ಹಂತ, ಆರನೆಯದರಲ್ಲಿ ಮೊದಲ ಹಂತವೊಂದನ್ನು ಬಿಟ್ಟು ಉಳಿದದ್ದೆಲ್ಲ ಖಾಲಿ. ಉಳಿದ ನಾಲ್ಕು ಪೂರ್ತಿ ಮಕ್ಕಳಿಗೆ. ಖಾಲಿ ಬಿಡುವುದು ಕೊನೆಯಿಂದ ಹಿಂದಕ್ಕೆ ಎಂಬುದು ಮುಖ್ಯ. ಮೊದಲ ಹಂತ ಖಾಲಿ ಬಿಟ್ಟರೆ ಅಲ್ಲಿ ತಪ್ಪಿದ ಮಗುವಿಗೆ ಮುಂದಿನದೆಲ್ಲ ತಪ್ಪುತ್ತದೆ. ಪುಟ ಹೆಚ್ಚಾಗುತ್ತದೆ ಎಂದು ಹೇಳುವವರಿದ್ದಾರೆ. ಆಗುವುದಿಲ್ಲ. ಲೆಕ್ಕಗಳ ಸಂಖ್ಯೆ ಕಡಿಮೆ ಮಾಡಿದರೆ ಜಾಗ ಅಲ್ಲೇ ಸಿಗುತ್ತದೆ.

ಇದಕ್ಕೊಂದು ಮಿತಿಯೂ ಇದೆ, ಅದನ್ನು ಮುಚ್ಚಿಡಬಾರದು. ಚೆನ್ನಾಗಿ ಬರುವ ಮಗುವಿಗೆ ಇದೇ ಬಿಡಿಸಿದ ಲೆಕ್ಕ ಅಡ್ಡಿಯಾಗುತ್ತದೆ. ಗೊತ್ತಿರುವುದನ್ನು ಪುನಃ ಓದಿ, ತನ್ನ ದಾರಿಯೊಂದಿಗೆ ತಾಳೆ ನೋಡುವ ಕೆಲಸ ಅದಕ್ಕೆ ಹೆಚ್ಚುವರಿ. ಸ್ವೆಲ್ಲರ್ ಅವರ ಜೊತೆಗಾರರೇ ಇದನ್ನು 2003ರಲ್ಲಿ ವಿವರವಾಗಿ ತೋರಿಸಿದ್ದಾರೆ. ಆದ್ದರಿಂದ ‘ಬರುವವರು ನೇರ 7ನೇ ಲೆಕ್ಕಕ್ಕೆ ಹೋಗಬಹುದು’ ಎಂದು ಪುಟದ ಮೇಲೇ ಮುದ್ರಿಸಿ. ಎಲ್ಲರಿಗೂ ಒಂದೇ ಅಳತೆ ಎಂದು ಸುತ್ತೋಲೆ ಬಂದರೆ ಈ ಒಳ್ಳೆಯ ಪದ್ಧತಿಯೂ ಹೊರೆಯಾಗುತ್ತದೆ.

ಚಿತ್ರಗಳ ವಿಷಯಕ್ಕೆ ಬರೋಣ. ಹೃದಯದ ಸೀಳುನೋಟ. ಭಾಗಗಳಿಗೆ 1ರಿಂದ 8ರವರೆಗೆ ಅಂಕಿ, ಕೆಳಗೆ ಅಥವಾ ಮುಂದಿನ ಪುಟದಲ್ಲಿ ಅಂಕಿಗೆ ಹೆಸರು, ಇನ್ನೊಂದು ಕಡೆ ರಕ್ತ ಹರಿಯುವ ವಿವರಣೆ. ಮಗು ವಿವರಣೆಯಲ್ಲಿ ‘ಬಲ ಹೃತ್ಕುಕ್ಷಿ’ ಓದಿ, ಪಟ್ಟಿಯಲ್ಲಿ ಅದರ ಅಂಕಿ ಹುಡುಕಿ, ಆ ಅಂಕಿಯನ್ನು ಚಿತ್ರದಲ್ಲಿ ಹುಡುಕಿ, ಮತ್ತೆ ವಿವರಣೆಗೆ ಮರಳುವಷ್ಟರಲ್ಲಿ ವಾಕ್ಯದ ಎಳೆ ಕಳೆದುಹೋಗಿರುತ್ತದೆ. ಮೂರು ಕಡೆ ಕಣ್ಣು ಓಡಿಸಿದ್ದರಲ್ಲಿ ಹೃದಯದ ಬಗ್ಗೆ ಕಲಿತದ್ದೇನೂ ಇಲ್ಲ. ಮೇಲಾಗಿ, ಹೃದಯದ ಬಲಭಾಗ ಪುಟದ ಎಡಕ್ಕೆ ಬರುತ್ತದೆ, ಏಕೆಂದರೆ ಚಿತ್ರದ ವ್ಯಕ್ತಿ ನಮಗೆ ಎದುರಾಗಿ ನಿಂತಿದ್ದಾನೆ. ಈ ಒಂದು ಮಾತನ್ನು ಚಿತ್ರದ ಮೇಲೆ ಬರೆಯದಿದ್ದರೆ ಮಗು ಪ್ರತಿ ಸಲವೂ ತಲೆಯೊಳಗೆ ಚಿತ್ರ ತಿರುಗಿಸಬೇಕು.

ಪರಿಹಾರಕ್ಕೆ ಹಣವೇ ಬೇಡ. ಕೋಣೆಯೊಳಗೇ ‘ಬಲ ಹೃತ್ಕರ್ಣ’, ‘ಬಲ ಹೃತ್ಕುಕ್ಷಿ’ ಎಂದು ಬರೆಯಿರಿ. ರಕ್ತದ ಹಾದಿಗೆ ಬಾಣ ಹಾಕಿ, ಬಾಣದ ಪಕ್ಕದಲ್ಲೇ ಕ್ರಮವಾಗಿ ಆಯಾ ಹೆಜ್ಜೆಯ ಚಿಕ್ಕ ವಾಕ್ಯ ಇರಲಿ. ಚಿತ್ರದ ಮೇಲ್ಭಾಗದಲ್ಲಿ ‘ದೇಹದ ಬಲ’, ‘ದೇಹದ ಎಡ’ ಎಂದಿರಲಿ. ರೇಖಾಗಣಿತದಲ್ಲೂ ಇದೇ: ಪ್ರಮೇಯದ ಆಕೃತಿ ಒಂದು ಪುಟದಲ್ಲಿ, ಸಾಧನೆ ಹಾಳೆ ತಿರುವಿದ ಮೇಲೆ ಬಂದರೆ ಮಗು ಹಾಳೆಯ ನಡುವೆ ಬೆರಳಿಟ್ಟು ಹಿಂದೆ ಮುಂದೆ ತಿರುವುತ್ತಲೇ ಇರುತ್ತದೆ. ಆಕೃತಿಯನ್ನು ಎರಡು ಸಲ ಮುದ್ರಿಸಿದರೆ ಆಗುವ ನಷ್ಟ ಕಾಲು ಪುಟ.

ಪಾರಿಭಾಷಿಕ ಪದಗಳ ಬಗ್ಗೆ ದೂರುವವರು ಬಹಳ. ಕನ್ನಡದ ವಿಜ್ಞಾನ ಪದಗಳು ಕಬ್ಬಿಣದ ಕಡಲೆ ಎನ್ನುತ್ತಾರೆ. ನಮ್ಮ ಅಭಿಪ್ರಾಯ ಬೇರೆ. ‘ಪತ್ರರಂಧ್ರ’ ಎಂದರೆ ಎಲೆಯ ತೂತು, ‘ಪತ್ರಹರಿತ್ತು’ ಎಂದರೆ ಎಲೆಯ ಹಸಿರು. ಪದವನ್ನು ಒಮ್ಮೆ ಬಿಡಿಸಿ ಹೇಳಿದರೆ ಮಗುವಿಗೆ ಹಿಡಿಯಲು ಒಂದು ಕೊಂಡಿ ಸಿಗುತ್ತದೆ. ಪತ್ರರಂಧ್ರಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಸ್ಟೊಮಾಟ’ದಲ್ಲಿ ನಮ್ಮ ಮಗುವಿಗೆ ಆ ಕೊಂಡಿ ಇಲ್ಲ. ತೊಂದರೆ ಪದದ್ದಲ್ಲ, ಒಂದೇ ಪ್ಯಾರಾದಲ್ಲಿ ಐದು ಹೊಸ ಪದ ಸುರಿಯುವುದು ತೊಂದರೆ. ಪದಗಳನ್ನು ಪಾಠದ ಮೊದಲ ಪುಟದಲ್ಲೇ ಚಿತ್ರದೊಂದಿಗೆ ಪರಿಚಯಿಸಿ, ಆಮೇಲೆ ಪ್ರಕ್ರಿಯೆ ವಿವರಿಸಿ. ದ್ಯುತಿಸಂಶ್ಲೇಷಣೆ ಹೇಗೆ ನಡೆಯುತ್ತದೆ ಎಂದು ತಿಳಿಯುವ ಹೊತ್ತಿನಲ್ಲೇ ಪತ್ರಹರಿತ್ತು ಎಂದರೇನು ಎಂದೂ ತಡಕಾಡುವಂತಾಗಬಾರದು.

ಸ್ಮಾರ್ಟ್ ಕ್ಲಾಸಿನ ಪರದೆಗೂ ಒಂದೇ ಸಾಲು ಸಾಕು: ಪರದೆ ಮೇಲಿನ ಪ್ಯಾರಾವನ್ನು ಅಕ್ಷರ ಬಿಡದೆ ಗಟ್ಟಿಯಾಗಿ ಓದುವುದನ್ನು ತರಬೇತಿಯಲ್ಲೇ ನಿಲ್ಲಿಸಿ. ಪರದೆಯಲ್ಲಿ ಚಿತ್ರವಿರಲಿ, ಮಾತು ಶಿಕ್ಷಕರದಿರಲಿ.

ಈಗ ಶಿಕ್ಷಕರ ಮೇಜಿನ ಕಡೆಗೆ. ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನದ ಅಂಕ, ಹಾಜರಾತಿ, ಬಿಸಿಯೂಟ, ಹಾಲು, ಮೊಟ್ಟೆ, ಯೂಡೈಸ್ (ದೇಶದ ಶಾಲೆಗಳ ಮಾಹಿತಿ ಕೋಶ) ಮಾಹಿತಿ, ಅಪಾರ್ (ವಿದ್ಯಾರ್ಥಿಯ ಕಾಯಂ ಗುರುತಿನ) ಸಂಖ್ಯೆ. ಇವುಗಳಲ್ಲಿ ಹಲವಕ್ಕೆ ಲಾಗಿನ್ ಬೇರೆ, ಪಾಸ್‌ವರ್ಡ್ ಬೇರೆ, ದಿನಾಂಕ ಬರೆಯುವ ಕ್ರಮವೂ ಬೇರೆ. ಶಿಕ್ಷಕರಿಗೆ ತಂತ್ರಜ್ಞಾನ ಒಗ್ಗುವುದಿಲ್ಲ ಎಂದು ಸಭೆಗಳಲ್ಲಿ ಕೇಳಿಬರುತ್ತದೆ. ಅದೇ ಶಿಕ್ಷಕರು ಅದೇ ಮೊಬೈಲಿನಲ್ಲಿ ಹಣ ಕಳಿಸುತ್ತಾರೆ, ಬಸ್ ಟಿಕೆಟ್ ಕಾದಿರಿಸುತ್ತಾರೆ. ಒಗ್ಗದಿರುವುದು ತಂತ್ರಜ್ಞಾನವಲ್ಲ ಸ್ವಾಮಿ, ಪರದೆಯ ಜೋಡಣೆ.

ಎಲ್ಲಿ ತಪ್ಪುತ್ತದೆ ಎಂದು ಕಂಡುಹಿಡಿಯಲು ದೊಡ್ಡ ಸಮೀಕ್ಷೆ ಬೇಡ. ಮುಖ್ಯೋಪಾಧ್ಯಾಯರ ಕೀಬೋರ್ಡಿನ ಪಕ್ಕ ಬಿದ್ದಿರುವ ಚೀಟಿ ನೋಡಿ. ಒಂದು ಪರದೆಯಿಂದ ಇನ್ನೊಂದು ಪರದೆಗೆ ಹೋಗುವ ಮುನ್ನ ಅವರು ಚೀಟಿಯಲ್ಲಿ ಏನನ್ನು ಬರೆದುಕೊಂಡರೋ ಅದು ಆ ಎರಡನೇ ಪರದೆಯಲ್ಲಿ ಇರಬೇಕಿತ್ತು. ವಿದ್ಯಾರ್ಥಿಯ ಸಂಖ್ಯೆ ಬರೆದುಕೊಂಡರೆ, ಎರಡನೇ ಪರದೆ ಅದನ್ನು ತಾನೇ ತೋರಿಸುತ್ತಿಲ್ಲ ಎಂದರ್ಥ. ಒಟ್ಟು ಹಾಜರಾತಿ ಬರೆದುಕೊಂಡರೆ, ಊಟದ ಪುಟ ಹಾಜರಾತಿಯ ಪುಟದೊಂದಿಗೆ ಮಾತಾಡುತ್ತಿಲ್ಲ ಎಂದರ್ಥ. ಇಂಥ ಐದು ಚೀಟಿ ಸಂಗ್ರಹಿಸಿದರೆ ತಂತ್ರಜ್ಞರಿಗೆ ತಿದ್ದುಪಡಿಯ ಪಟ್ಟಿ ಸಿದ್ಧ.

ಸಂಖ್ಯೆಗಳನ್ನೇ ನೋಡಿ. ಪ್ರತಿ ಶಾಲೆಗಿರುವ ಯೂಡೈಸ್ ಸಂಖ್ಯೆ 11 ಅಂಕಿಯದು. ಮೊದಲ ಎರಡು ರಾಜ್ಯ (ನಮ್ಮದು 29), ಮುಂದಿನ ಎರಡು ಜಿಲ್ಲೆ, ಎರಡು ತಾಲ್ಲೂಕು, ಮೂರು ಊರು, ಕೊನೆಯ ಎರಡು ಶಾಲೆ. ಲಾಗಿನ್ ಆದ ಶಿಕ್ಷಕರ ರಾಜ್ಯ, ಜಿಲ್ಲೆ, ತಾಲ್ಲೂಕು ತಂತ್ರಾಂಶಕ್ಕೆ ಗೊತ್ತೇ ಇರುತ್ತದೆ. ಮೊದಲ ಆರು ಅಂಕಿ ತಾನೇ ತುಂಬಿ, ಉಳಿದ ಐದನ್ನು ಮೂರು ಮತ್ತು ಎರಡರ ಎರಡು ಚೌಕದಲ್ಲಿ ಕೇಳಲಿ. ಆಧಾರ್ ಕಾರ್ಡಿನಲ್ಲಿ 12 ಅಂಕಿಯನ್ನು ನಾಲ್ಕು ನಾಲ್ಕಾಗಿ ಬಿಡಿಸಿ ಮುದ್ರಿಸಿರುವುದು ಅಂದಕ್ಕಲ್ಲ. ಆದರೆ ತುಂಬುವ ಚೌಕದಲ್ಲಿ ನಡುವೆ ಜಾಗ ಬಿಟ್ಟರೆ ಒಪ್ಪದ ತಂತ್ರಾಂಶಗಳೇ ಹೆಚ್ಚು. ಆಧಾರ್‌ನ ಕೊನೆಯ ಅಂಕಿ ತಾಳೆ ನೋಡುವ ಅಂಕಿ. ವೆರ್ಹೋಫ್ ಎಂಬ ಲೆಕ್ಕಾಚಾರದಂತೆ, ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅದಲುಬದಲಾದರೂ ಅದು ಹಿಡಿದುಕೊಡುತ್ತದೆ. ಅಂದರೆ ಟೈಪ್ ಮಾಡಿದ ಕ್ಷಣವೇ ‘ಒಂದು ಅಂಕಿ ತಪ್ಪಿದೆ, ನೋಡಿ’ ಎಂದು ಹೇಳಬಹುದು. ನಲವತ್ತು ಮಕ್ಕಳ ವಿವರ ತುಂಬಿ ಕೊನೆಯ ಗುಂಡಿ ಒತ್ತಿದ ಮೇಲೆ ‘ಅಮಾನ್ಯ ಮಾಹಿತಿ’ ಎಂದಷ್ಟೇ ಹೇಳಿದರೆ, ತಪ್ಪು ಎಲ್ಲಿದೆ ಎಂದು ಹುಡುಕುವ ಕೆಲಸ ಯಾರ ತಲೆಗೆ ಬಂತು?

ಹೆಸರಿನ ಗೋಳು ಬೇರೆಯದೇ. ಅಪಾರ್ ಸಂಖ್ಯೆಗೆ ಶಾಲಾ ದಾಖಲೆಯ ಹೆಸರು ಆಧಾರ್‌ನ ಹೆಸರಿಗೆ ತಾಳೆಯಾಗಬೇಕು. ಲಕ್ಷ್ಮಿಯನ್ನು ಇಂಗ್ಲಿಷಿನಲ್ಲಿ ‘ಕೆಎಸ್‌ಎಚ್’ ಹಾಕಿ ಬರೆದರೋ ‘ಎಕ್ಸ್’ ಹಾಕಿದರೋ, ಮಂಜುನಾಥನ ‘ಥ’ಕ್ಕೆ ‘ಎಚ್’ ಇದೆಯೋ ಇಲ್ಲವೋ ಎಂದು ಶಿಕ್ಷಕರು ಎರಡು ದಾಖಲೆ ಎದುರಿಟ್ಟುಕೊಂಡು ಅಕ್ಷರ ಅಕ್ಷರ ನೋಡಬೇಕು. ಎರಡೂ ಹೆಸರನ್ನು ಒಂದರ ಕೆಳಗೊಂದು ತೋರಿಸಿ, ಬೇರೆಯಾದ ಅಕ್ಷರಕ್ಕೆ ಬಣ್ಣ ಹಾಕುವುದು ಯಂತ್ರಕ್ಕೆ ಅರೆಕ್ಷಣದ ಕೆಲಸ.

ಕೊನೆಗೆ ವಾಟ್ಸ್‌ಆ್ಯಪ್ ಸುತ್ತೋಲೆ. ಓರೆಯಾಗಿ ತೆಗೆದ ಫೋಟೊ, ಆರು ಉಲ್ಲೇಖ, ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಆರಂಭವಾಗಿ ಮುಕ್ಕಾಲು ಪುಟ ಓಡುವ ಒಂದೇ ವಾಕ್ಯ. ಮಾಡಬೇಕಾದ್ದು ಏನು ಎಂದು ತಿಳಿಯುವ ಮೊದಲೇ ‘ತಪ್ಪಿದಲ್ಲಿ ಶಿಸ್ತುಕ್ರಮ’. ಇದು ಪಾಠದ ನಡುವೆ ಬರುತ್ತದೆ, ‘ತುರ್ತು’ ಎಂದು ಬರುತ್ತದೆ. ಕಪ್ಪುಹಲಗೆಯ ಮೇಲೆ ಲೆಕ್ಕ ಅರ್ಧಕ್ಕೆ ನಿಂತರೆ ಎಳೆ ತಪ್ಪುವುದು ಶಿಕ್ಷಕರೊಬ್ಬರದ್ದಲ್ಲ, ನಲವತ್ತು ಮಕ್ಕಳದ್ದು. ಸುತ್ತೋಲೆಯ ಮೊದಲ ನಾಲ್ಕು ಸಾಲಿನಲ್ಲಿ ಯಾರು, ಏನು, ಯಾವಾಗಿನೊಳಗೆ, ಎಲ್ಲಿ ತುಂಬಬೇಕು ಎಂಬುದಿರಲಿ. ಉಲ್ಲೇಖಗಳು ಕೆಳಗಿರಲಿ, ಬೇಕಾದವರು ಓದುತ್ತಾರೆ. ತುರ್ತಲ್ಲದ್ದನ್ನೆಲ್ಲ ಶಾಲೆ ಬಿಟ್ಟ ಮೇಲೆ, ದಿನಕ್ಕೆ ಒಂದೇ ಬಾರಿ ಕಳಿಸಿ.

ಇವೆಲ್ಲವನ್ನೂ ಒಂದೇ ವರ್ಷದಲ್ಲಿ ಮಾಡಿ ಎಂದು ಕೇಳುವಷ್ಟು ಅವಿವೇಕ ನಮಗಿಲ್ಲ. ಎರಡರಿಂದ ಶುರುವಾಗಲಿ: ಪ್ರಾಥಮಿಕ ತರಗತಿಯ ಭಿನ್ನರಾಶಿ ಪಾಠ ಒಂದು, ಬಿಸಿಯೂಟದ ದೈನಿಕ ಲೆಕ್ಕದ ಪರದೆ ಒಂದು. ಪಾಠದ ಕರಡನ್ನು ಮುದ್ರಣಕ್ಕೆ ಕಳಿಸುವ ಮೊದಲು ಹಳ್ಳಿ ಶಾಲೆಯ ಐದು ಮಕ್ಕಳ ಮುಂದಿಡಿ. ಸಮಿತಿಯ ಸದಸ್ಯರೊಬ್ಬರು ಪಕ್ಕದಲ್ಲಿ ಕೂತು, ಏನನ್ನೂ ವಿವರಿಸದೆ, ಮಗು ಎಷ್ಟು ಸಲ ಪುಟ ತಿರುವಿತು, ಯಾವ ಸಾಲಿಗೆ ಮತ್ತೆ ಮತ್ತೆ ಮರಳಿತು, ಎಲ್ಲಿ ಬೆರಳು ಮಡಚಿತು ಎಂದು ಗುರುತು ಹಾಕಿಕೊಳ್ಳಲಿ. ಬಿಸಿಯೂಟದ ಪರದೆಯಲ್ಲಿ ಹಾಜರಾತಿ 86 ಎಂದಾದ ಮೇಲೆ ಮೊಟ್ಟೆ 61, ಬಾಳೆಹಣ್ಣು 22 ತುಂಬಿದರೆ ‘ಎರಡೂ ಬೇಡವೆಂದವರು 3’ ಎಂದು ತಾನೇ ಲೆಕ್ಕ ಹಾಕಿ ತೋರಿಸುವಂತೆ ಮಾಡಿ. ಸಿಗ್ನಲ್ ಹೋದರೆ ತುಂಬಿದ್ದು ಅಳಿಯದೆ ಮೊಬೈಲಿನಲ್ಲೇ ಉಳಿಯಲಿ. ಆ ಐದು ಮಕ್ಕಳು ಮತ್ತು ಐದು ಮುಖ್ಯೋಪಾಧ್ಯಾಯರ ಮುಂದೆ ಕಂಡದ್ದನ್ನು ಒಂದು ಪುಟದಲ್ಲಿ ಬರೆದು, ಮುಂದಿನ ಶೈಕ್ಷಣಿಕ ವರ್ಷ ಆರಂಭವಾಗುವ ಮೊದಲು ಪ್ರಕಟಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಗಣಿತ ಮತ್ತು ವಿಜ್ಞಾನ ಕಲಿಸುವ ಕನ್ನಡ ಮಾಧ್ಯಮದ ಶಿಕ್ಷಕರು